ವೀಣೆಯ ನಡುವೆ ಬಿಟ್ಟ ಜಾಗ

ಕುದುರೆಮುಖ
೨ ಮೇ ೨೦೨೪

ಪ್ರೇಮಲತಾ ಅವರಿಗೆ ಶಶಿಧರನ ನಮಸ್ಕಾರ.

ಈ ಅಕ್ಷರ ಯಾರದೆಂದು ಗುರುತು ಹಿಡಿಯಲು ನಿಮಗೆ ಸ್ವಲ್ಪ ಹೊತ್ತು ಹಿಡಿಯಬಹುದು. ನಿಮ್ಮ ಯಜಮಾನರು ರೇಣುಕಪ್ರಸಾದರು ತೀರಿಕೊಂಡಾಗ ಬರೆದದ್ದೇ ಕೊನೆ. ನಾನು ಬದುಕಿದ್ದೇನೆ. ಗಣಿ ನಿಂತ ಮೇಲೆ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಗೆಸ್ಟ್ ಹೌಸಿನ ಪಂಪು, ಫ್ಯೂಸು ನೋಡಿಕೊಳ್ಳಲು ಒಬ್ಬ ಬೇಕಿದ್ದ, ಹೋಗಲು ಬೇರೆ ಜಾಗವಿಲ್ಲದವನು ನಾನೊಬ್ಬ ಸಿಕ್ಕಿದೆ. ಹಳೆಯ ಕ್ವಾರ್ಟರ್ಸಿನಲ್ಲೇ ಇದ್ದೇನೆ.

ವಿಷಯಕ್ಕೆ ಬರುತ್ತೇನೆ. ಮೂವತ್ತು ವರ್ಷದ ಹಿಂದಿನ ನಮ್ಮ 'ಮಲಗಿದ ಬೆಟ್ಟ' ಕ್ಯಾಸೆಟ್ಟಿಗೆ ಮರುಜನ್ಮ ಬಂದಿದೆ. ರಕ್ಷಾ ಎಂಬ ಹುಡುಗಿ, ಮೂಡಿಗೆರೆ ಕಡೆಯವಳು, ಒಂದು ಸಿನಿಮಾ ಮಾಡಿದ್ದಾಳೆ. ಹೆಸರು 'ಪಾರ್ಚ್‌ಮೆಂಟ್'. ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜಕ್ಕೆ ನಿಮ್ಮ ಎಸ್ಟೇಟಿನಲ್ಲಿ ಹೇಳುತ್ತಿದ್ದರಲ್ಲ, ಅದೇ ಹೆಸರು. ಕಣದಲ್ಲಿ ಕಾಫಿ ಒಣಗಿಸುವ ಒಬ್ಬ ಹೆಂಗಸಿನ ಕಥೆ. ಮಾತು ಕಡಿಮೆ, ಮಂಜು ಜಾಸ್ತಿ ಎಂದು ಅವಳೇ ಹೇಳಿದಳು. ಅತ್ತಿಗುಂಡಿಯ ಯಾವುದೋ ಹೋಂಸ್ಟೇಯ ಕಪಾಟಿನಲ್ಲಿ ನಮ್ಮ ಕ್ಯಾಸೆಟ್ ಅವಳ ಕೈಗೆ ಸಿಕ್ಕಿತಂತೆ. ನಿಮ್ಮ ವೀಣೆ, ನಾನು ಗುಜರಿ ಮೀಟರುಗಳನ್ನು ಬಿಚ್ಚಿ ಕಟ್ಟಿದ, ಕರೆಂಟಿನಿಂದ ಸ್ವರ ಹೊರಡಿಸುವ ಪೆಟ್ಟಿಗೆ (ನಿಮ್ಮ ಯಜಮಾನರು ಅದನ್ನು ಗುಂಯ್ ಪೆಟ್ಟಿಗೆ ಅನ್ನುತ್ತಿದ್ದರು), ಇವೆರಡು ಬಿಟ್ಟರೆ ಇಡೀ ಸಿನಿಮಾದಲ್ಲಿ ಬೇರೆ ಸಂಗೀತವೇ ಇಲ್ಲ. ಈಗ ಅದನ್ನೇ ಸಿನಿಮಾದ ಸಂಗೀತವೆಂದು ಆಲ್ಬಮ್ ಮಾಡಿ ಮತ್ತೆ ಹೊರತರುತ್ತಾರೆ. ಹಳೆಯ ಕಾಲದ ಗ್ರಾಮಫೋನಿನ ಕಪ್ಪು ತಟ್ಟೆಯಲ್ಲೂ ಬರುತ್ತದಂತೆ.

ಅವಳಿಗೆ ಇನ್ನೊಂದು ಆಸೆ. ಆಲ್ಬಮ್ಮಿನ ಅರ್ಧ ಭಾಗ ಬರೀ ವೀಣೆ ಇರಬೇಕು, ನನ್ನ ಪೆಟ್ಟಿಗೆ ಸೇರುವ ಮೊದಲಿನ ವೀಣೆ. ಆ ಮೊದಲ ಟೇಪು ನನ್ನ ಟ್ರಂಕಿನಲ್ಲಿದೆ. ನೀವು ಅತ್ತಿಗುಂಡಿ ಎಸ್ಟೇಟಿನ ಮನೆಯಲ್ಲಿ ನುಡಿಸಿ, ಕ್ಯಾಸೆಟ್ಟನ್ನು ಕಾಫಿ ಪುಡಿಯ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದಿರಿ. "ನಡುನಡುವೆ ಜಾಗ ಬಿಡಿ, ಅಲ್ಲಿ ನನ್ನದು ತುಂಬುತ್ತೇನೆ" ಎಂದು ನಾನು ಹೇಳಿದ್ದೆ. ನೀವು ಬಿಟ್ಟಿರಿ, ನಾನು ವೀಣೆಯನ್ನಷ್ಟೇ ಬೇರೆ ಟೇಪಿಗೆ ಇಳಿಸಿಕೊಂಡು, ನಡುವೆ ನನ್ನದು ತುಂಬಿದೆ. ಇಬ್ಬರೂ ಒಂದು ದಿನವೂ ಎದುರುಬದುರು ಕೂತು ಒಂದು ಸ್ವರ ನುಡಿಸಿದವರಲ್ಲ, ಆದರೂ ಜನ ಜೋಡಿ ಅನ್ನುತ್ತಾರೆ.

ನಿಮ್ಮ ಒಪ್ಪಿಗೆ ಬೇಕು. ಪತ್ರವನ್ನೇ ಬರೆಯಿರಿ, ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಊರು ಅಷ್ಟು ನಿಶ್ಶಬ್ದವಾಗಿದೆ. ಈ ವರ್ಷ ಹಕ್ಕಿಗಳೂ ಬಿಟ್ಟುಹೋದಂತಿವೆ. ಬೆಳಿಗ್ಗೆ ಕಿಟಕಿಯ ಹತ್ತಿರ ಶಿಳ್ಳೆ ಹಾಕುವ ಹಕ್ಕಿ ಒಂದಿತ್ತು, ಅದೂ ಬಾಯಿ ಮುಚ್ಚಿದೆ.

ಇಂತಿ,
ಶಶಿಧರ್


ಚಿಕ್ಕಮಗಳೂರು
೧೧ ಮೇ ೨೦೨೪

ಶಶಿಧರ್ ಅವರಿಗೆ ಪ್ರೇಮಲತಾಳ ನಮಸ್ಕಾರ.

ಅಕ್ಷರ ಗುರುತು ಹಿಡಿಯಲು ಹೊತ್ತೇನೂ ಹಿಡಿಯಲಿಲ್ಲ. ಇರುವೆಯ ಕಾಲಿಗೆ ಮಸಿ ಮೆತ್ತಿ ಕಾಗದದ ಮೇಲೆ ಬಿಟ್ಟಂತೆ ಬರೆಯುವವರು ನನಗೆ ಗೊತ್ತಿರುವುದು ಒಬ್ಬರೇ. ಬದುಕಿದ್ದೇನೆಂದು ನೀವಾಗಿಯೇ ಬರೆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಕೇಳುತ್ತಲೂ ಇರಲಿಲ್ಲ, ನಮ್ಮಿಬ್ಬರ ಗುಣ ಅಂಥದ್ದು.

ನಾನು ತಮ್ಮ ಮಲ್ಲೇಶನ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದೇನೆ. ಸಂಜೆ ನಾಲ್ಕಾರು ಮಕ್ಕಳು ವೀಣೆ ಕಲಿಯಲು ಬರುತ್ತವೆ. ಕಲಿಯುವುದಕ್ಕಿಂತ ಕೆಳಗೆ ರಶ್ಮಿ ಕರಿಯುವ ಬಜ್ಜಿಯ ವಾಸನೆಗೇ ಅವುಗಳ ಗಮನ ಹೆಚ್ಚು. ರಶ್ಮಿ ಮಲ್ಲೇಶನ ಹೆಂಡತಿ, ಒಳ್ಳೆಯವಳು. ಸಿನಿಮಾ ಸುದ್ದಿ ಕೇಳಿ ಮಲ್ಲೇಶ ಅಂಗಡಿಯ ಗಲ್ಲಾ ಬಿಟ್ಟು ಮೇಲೆ ಓಡಿಬಂದ. "ಅಕ್ಕ, ಮೊದ್ಲು ನಿನ್ನ ಹೆಸ್ರು ಪರದೆ ಮೇಲೆ ಬರ್ತದಾ ಕೇಳು ಮಾರಾಯ್ತಿ, ಆಮೇಲೆ ಸಹಿ ಹಾಕು. ಕಾಫಿ ನಮ್ದು, ಹೆಸ್ರು ಡಬ್ಬಿಯವ್ರದ್ದು ಅನ್ನೋ ಹಾಗೆ ಆಗ್ಬಾರ್ದು" ಅಂದ. ನಾನು ನಕ್ಕೆ. ನನ್ನ ಒಪ್ಪಿಗೆ ಇದೆ. ಹೆಸರು ಹಾಕಿದರೆ ಸಂತೋಷ, ಹಾಕದಿದ್ದರೆ ಮಲ್ಲೇಶನಿಗೆ ಬೇಸರ.

ನಿಮ್ಮ ಊರಿನ ಹಕ್ಕಿಗಳಿಗೆ ಏನಾಯಿತೋ. ರಶ್ಮಿಯ ತವರು ಕಳಸ. ಹೋದ ವಾರ ಹೋಗಿ ಬಂದವಳು, ಬೆಳಗಿನ ಜಾವದಿಂದ ಹಕ್ಕಿಗಳ ಗಲಾಟೆಗೆ ನಿದ್ದೆಯೇ ಇಲ್ಲ ಎಂದು ದೂರುತ್ತಿದ್ದಳು.

ಇನ್ನು ಆ ಮೊದಲ ಟೇಪು. ಅದು ಉಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂದು ಖಾಲಿ ಕ್ಯಾಸೆಟ್ ಸಿಗುವುದು ಕಷ್ಟವಿತ್ತು, ಅದರ ಮೇಲೆ ಬೇರೇನೋ ಇಳಿಸಿ ಮುಗಿಸಿರುತ್ತೀರಿ ಎಂದುಕೊಂಡಿದ್ದೆ. ಅದನ್ನು ನುಡಿಸುವಾಗ ಮಗಳು ಶಿಲ್ಪಾ ಇದ್ದಳು. ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ಇರಲಿಲ್ಲ.

ಒಂದು ಉಪಕಾರ ಮಾಡಿ. ಟೇಪನ್ನು ಯಾರ ಕೈಗಾದರೂ ಕೊಡುವ ಮೊದಲು ನೀವೇ ಒಮ್ಮೆ ಕಿವಿಗೊಟ್ಟು ಕೇಳಿ. ನಾನು ಬಿಟ್ಟ ಜಾಗಗಳಲ್ಲಿ ವೀಣೆಯಲ್ಲದ ಬೇರೆ ಸದ್ದು, ಮನೆಯ ಸದ್ದು, ಏನಾದರೂ ಇದೆಯೇ? ಸಣ್ಣದಾದರೂ ಸರಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಪ್ರೇಮಲತಾ


ಕುದುರೆಮುಖ
೧೯ ಮೇ ೨೦೨೪

ಪ್ರೇಮಲತಾ ಅವರಿಗೆ ನಮಸ್ಕಾರ.

ಒಪ್ಪಿಗೆ ಸಿಕ್ಕಿತು, ಬಹಳ ಸಂತೋಷ. ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ ಎಂದು ರಕ್ಷಾಗೆ ತಿಳಿಸಿದ್ದೇನೆ. ಮಲ್ಲೇಶ್ ಅವರು ಗಲ್ಲಾ ಬಿಟ್ಟು ಮೇಲೆ ಬರುವ ಅಗತ್ಯ ಇನ್ನು ಬೀಳುವುದಿಲ್ಲ.

ಟೇಪನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನ್ನ ಕಿವಿಯ ವಿಷಯ ನಿಮಗೆ ಗೊತ್ತೇ ಇದೆ. ಪ್ಲಾಂಟಿನಲ್ಲಿ ಮೋಟರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದವನು ನಾನು, ಇಂಜಿನಿಯರುಗಳು ಆಮೇಲೆ ಬಿಚ್ಚಿ ನೋಡಿ ತಲೆಯಾಡಿಸುತ್ತಿದ್ದರು. ಆ ಜಾಗಗಳಲ್ಲಿ ಏನೂ ಇಲ್ಲ. ಕರೆಂಟಿನ ಗುಂಯ್ ಒಂದಿದೆ, ಅಷ್ಟೆ. ನಿಮ್ಮ ಮಂದ್ರದ ತಂತಿ ಮಾತ್ರ ಆಹಾ, ಎದೆಯೊಳಗೆ ಮೀಟಿದ ಹಾಗಿದೆ.

ನೀವು ಏಕೆ ಕೇಳಿದಿರೆಂದು ನನಗೆ ಅರ್ಥವಾಗದೆ ಇಲ್ಲ. ಆ ಮನೆಯ ನೆನಪು ನಿಮಗೆ ಎಷ್ಟು ನೋವಿನದೆಂದು ಬಲ್ಲೆ. ಆ ಮನೆಯ ಒಂದು ಪಾತ್ರೆಯ ಸದ್ದಾದರೂ ಕಿವಿಗೆ ಬಿದ್ದರೆ ಸಂಕಟವಾದೀತು ಎಂಬ ಹೆದರಿಕೆ ನಿಮ್ಮದು. ಹೆದರಬೇಡಿ. ೨೭ನೇ ತಾರೀಕು ಟೇಪು ಹಿಡಿದು ನಾನೇ ಬೆಂಗಳೂರಿನ ಸ್ಟುಡಿಯೋಗೆ ಹೋಗುತ್ತಿದ್ದೇನೆ. ದರ್ಶನ್ ಎಂಬ ಹುಡುಗ ಅಲ್ಲಿ ಶಬ್ದ ಶುದ್ಧಿ ಮಾಡುತ್ತಾನೆ. ಪಕ್ಕದಲ್ಲಿ ಕೂತು, ವೀಣೆ ಬಿಟ್ಟು ಉಳಿದದ್ದನ್ನೆಲ್ಲ ತೆಗೆಸುತ್ತೇನೆ. ಕಾಣದ ಕಸವಿದ್ದರೂ ಹೋಗುತ್ತದೆ. ತೊಳೆದ ಮೇಲೆ ಕೊಳೆನೀರು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಹಳೆಯ ಪ್ರತಿಯನ್ನೂ ಅಳಿಸಿಯೇ ಬರುತ್ತೇನೆ. ಟೇಪಿಗೆ ಬೂಷ್ಟು ಹಿಡಿದು ಮೇಲಿನ ಲೇಪ ಉದುರುತ್ತಿದೆ. ಇನ್ನೊಂದು ಸಲ ಓಡಿದರೆ ಅದೇ ಹೆಚ್ಚು ಅಂತ ದರ್ಶನ್ ಹೇಳಿ ಕಳಿಸಿದ್ದಾನೆ.

ನಿಶ್ಚಿಂತೆಯಿಂದ ಇರಿ.

ಇಂತಿ,
ಶಶಿಧರ್


ಚಿಕ್ಕಮಗಳೂರು
೨೭ ಮೇ ೨೦೨೪

ಶಶಿಧರ್ ಅವರೇ,

ನಿಮ್ಮ ಪತ್ರ ಈಗ ಕೈಸೇರಿತು. ನೀವು ಇವತ್ತೇ ಹೊರಟಿದ್ದೀರಿ.

ತೆಗೆಸಬೇಡಿ. ಏನನ್ನೂ ತೆಗೆಸಬೇಡಿ. ನಾನು ಸುತ್ತಿಬಳಸಿ ಬರೆದದ್ದು ತಪ್ಪಾಯಿತು, ನೇರವಾಗಿ ಬರೆಯಬೇಕಿತ್ತು. ನಾನು ಹೆದರಿ ಕೇಳಿದ್ದಲ್ಲ, ಆಸೆಪಟ್ಟು ಕೇಳಿದ್ದು.

ಶಿಲ್ಪಾ ಮಹಾ ಮಾತುಗಾತಿ. ನಾನು ರೆಕಾರ್ಡಿಂಗಿಗೆ ಕೂತರೆ ಅವಳಿಗೆ ಅದೇ ದೊಡ್ಡ ಶಿಕ್ಷೆ. "ವೀಣೆ ಕೇಳೋವಾಗ ಬಾಯಿ ಮುಚ್ಕೊಂಡಿರು. ನಾನು ನಿಲ್ಲಿಸಿದಾಗ ಬೇಕಾದ್ರೆ ಒಂದು ಮಾತು ಆಡು, ಆ ಜಾಗ ಶಶಿಧರ್ ಮಾಮಂದು, ಅವ್ರು ಅದರ ಮೇಲೆ ತುಂಬ್ಸಿಬಿಡ್ತಾರೆ" ಎಂದು ಅವಳನ್ನು ಒಪ್ಪಿಸಿದ್ದೆ. ಅವಳು ಹಾಗೆಯೇ ಮಾಡುತ್ತಿದ್ದಳು. ತುಟಿ ಬಿಗಿಹಿಡಿದು ಕೂತು, ನನ್ನ ಬೆರಳು ತಂತಿಯಿಂದ ಎದ್ದ ತಕ್ಷಣ ಏನೋ ಒಂದು ಹೇಳುತ್ತಿದ್ದಳು. ಪ್ರತಿ ಸಲವೂ. ಏನು ಹೇಳುತ್ತಿದ್ದಳೋ ನೆನಪಿಲ್ಲ. ನನ್ನ ಗಮನವೆಲ್ಲ ಮುಂದಿನ ಸ್ವರದ ಮೇಲೆ ಇರುತ್ತಿತ್ತು. ತಾಯಿಯಾದವಳು ಕೇಳಿಸಿಕೊಳ್ಳಬೇಕಿತ್ತು.

ಅವಳ ಮುಖಕ್ಕೆ ಫೋಟೋ ಇದೆ. ಲಂಗ ಇದೆ, ಹಾಲುಹಲ್ಲು ಒಂದು ಡಬ್ಬಿಯಲ್ಲಿದೆ. ದನಿ ಮಾತ್ರ ಎಲ್ಲೂ ಇಲ್ಲ. ಮೊದಲ ವರ್ಷಗಳಲ್ಲಿ ಅಡುಗೆ ಮಾಡುವಾಗ ಕಿವಿಯಲ್ಲಿ ಇದ್ದಕ್ಕಿದ್ದಂತೆ ಬರುತ್ತಿತ್ತು. ಆಮೇಲೆ ಕಡಿಮೆಯಾಯಿತು. ಈಗ ಬರುವುದೇ ಇಲ್ಲ. ಮಗಳ ದನಿ ಮರೆತ ತಾಯಿ ನಾನೊಬ್ಬಳೇ ಇರಬೇಕು ಎಂದು ಯಾರಿಗೂ ಹೇಳದೆ ಇದ್ದೆ. ನಿಮ್ಮ ಮೊದಲ ಪತ್ರ ಓದಿದ ದಿನ, ಅದು ಒಂದು ಟ್ರಂಕಿನಲ್ಲಿ ಸುಮ್ಮನೆ ಬಿದ್ದಿದೆ ಎಂದು ತಿಳಿದು, ನಾನು ಮಕ್ಕಳಿಗೆ ಪಾಠ ಹೇಳಲಾಗದೆ ವಾಪಸ್ಸು ಕಳಿಸಿದೆ.

ಏನೂ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಕಿವಿಯನ್ನು ಸುಳ್ಳೆನ್ನಲಾರೆ. ಆದರೂ ಆ ಟೇಪು ಚಿಂದಿಯಾದರೂ ಸರಿ, ತೊಳೆಯದೆ ನನಗೆ ಕೊಡಿ. ಕೊಳೆನೀರೇ ಬೇಕು ನನಗೆ.

ರಶ್ಮಿಯ ಕೈಲಿ ಆ ರಕ್ಷಾಗೆ ಫೋನ್ ಮಾಡಿಸಿದೆ. ಸ್ವಿಚ್ ಆಫ್ ಬರುತ್ತಿದೆ. ಸ್ಟುಡಿಯೋದ ವಿಳಾಸ ನನಗೆ ಗೊತ್ತಿಲ್ಲ. ಈ ಪತ್ರವನ್ನು ಹಿಂದಿನ ಹಾಗೇ ಕುದುರೆಮುಖದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿಸುತ್ತಿದ್ದೇನೆ. ನಿಮ್ಮ ಪ್ರಯಾಣ ಏನಾದರೂ ಕಾರಣಕ್ಕೆ ನಿಂತಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಇನ್ನೊಬ್ಬರ ಪ್ರಯಾಣ ಕೆಡಲಿ ಎಂದು ಬೇಡಿದ್ದು ಇದೇ ಮೊದಲು.

ಪ್ರೇಮಲತಾ


ಚಿಕ್ಕಮಗಳೂರು
೧೪ ಜೂನ್ ೨೦೨೪

ಶಶಿಧರ್ ಅವರಿಗೆ ನಮಸ್ಕಾರ.

ಉತ್ತರವಿಲ್ಲ. ಕಂಡಕ್ಟರ್ ಪತ್ರವನ್ನು ನಿಮ್ಮ ಬಾಗಿಲ ಸಂದಿಯಲ್ಲಿ ಹಾಕಿದ್ದಾಗಿ ಹೇಳಿದ. ನೀವು ವಾಪಸ್ಸಾಗಿದ್ದೀರಿ, ಗೆಸ್ಟ್ ಹೌಸಿನ ಹತ್ತಿರ ನೋಡಿದೆ ಎಂದೂ ಹೇಳಿದ.

ಮಳೆ ಹಿಡಿದಿದೆ. ಕೊಟ್ಟಿಗೆಹಾರದ ಕಡೆ ಮರ ಬಿದ್ದು ಬಸ್ಸು ನಿಂತಿವೆಯಂತೆ, ಅದಕ್ಕೇ ನಿಮ್ಮ ಪತ್ರ ತಡವಾಗಿದೆ ಎಂದು ರಶ್ಮಿ ಸಮಾಧಾನ ಹೇಳುತ್ತಾಳೆ. ಚಿಕ್ಕವಳಾದರೂ ಸುಳ್ಳನ್ನು ಚೆನ್ನಾಗಿ ಹೇಳುತ್ತಾಳೆ. ಒಂದು ಸಾಲು ಸಾಕು. ಟೇಪು ಏನಾಯಿತು?

ಪ್ರೇಮಲತಾ


ಕುದುರೆಮುಖ
೩೦ ಜೂನ್ ೨೦೨೪

ಶ್ರೀಮತಿ ಪ್ರೇಮಲತಾ ಅವರಿಗೆ,

ತಮ್ಮ ಎರಡೂ ಪತ್ರಗಳು ತಲುಪಿವೆ. ಗೆಸ್ಟ್ ಹೌಸಿನ ಪಂಪು ಕೆಟ್ಟಿದ್ದ ಕಾರಣ ಉತ್ತರಿಸುವುದು ತಡವಾಯಿತು.

ಆಲ್ಬಮ್ಮಿನ ಕೆಲಸ ಮುಗಿದಿದೆ. ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಕಲಾಮಂದಿರದಲ್ಲಿ ಸಿನಿಮಾ ತೋರಿಸಿ, ಅಲ್ಲೇ ಬಿಡುಗಡೆ ಮಾಡುತ್ತಾರೆ. ತಮ್ಮ ಹೆಸರನ್ನು ಮೊದಲು ಹಾಕಿದ್ದಾರೆ. ಹೊದಿಕೆಯ ಮೇಲೆ ಕಣದ ಚಿತ್ರವಿದೆ, ಚೆನ್ನಾಗಿ ಬಂದಿದೆ.

ಟೇಪಿನ ವಿಷಯ ಹೇಳುವುದಾದರೆ, ಅದು ಸ್ಟುಡಿಯೋದಲ್ಲಿ ಓಡುತ್ತಿರುವಾಗಲೇ ಲೇಪವೆಲ್ಲ ಉದುರಿ ಹಾಳಾಯಿತು. ಬಿಟ್ಟ ಜಾಗಗಳ ವಿಷಯವನ್ನು ನಾನು ಈ ಹಿಂದೆಯೇ ಬರೆದಿದ್ದೇನೆ.

ಆರೋಗ್ಯ ನೋಡಿಕೊಳ್ಳುವುದು.

ಇಂತಿ,
ಶಶಿಧರ್


ಚಿಕ್ಕಮಗಳೂರು
೧೦ ಜುಲೈ ೨೦೨೪

ಶಶಿಧರ್ ಅವರೇ,

ಪಂಪು ಕೆಟ್ಟರೆ ನೀವು ಇನ್ನೊಂದು ಪುಟ ಹೆಚ್ಚು ಬರೆಯುವವರು, ಅದು ಹೇಗೆ ಕೆಟ್ಟಿತೆಂದು ಚಿತ್ರ ಬಿಡಿಸಿ ತೋರಿಸುವವರು. ಆ ಕಾಗದದಲ್ಲಿ 'ಶ್ರೀಮತಿ', 'ತಮ್ಮ' ಎಂದೆಲ್ಲ ಓದಿ ಮೊದಲು ಸಿಟ್ಟು ಬಂತು. ಬ್ಯಾಂಕಿನಿಂದ ಬಂದಂತಿತ್ತು. ಆಮೇಲೆ ಅರ್ಥವಾಯಿತು.

ನಿಮಗೆ ಸಂಕೋಚವಾಗಿದೆ. ನಾನು ಅಷ್ಟೆಲ್ಲ ಬರೆದುಕೊಂಡ ಮೇಲೆ, ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ ಎಂದು ಇನ್ನೊಂದು ಸಲ ಹೇಗೆ ಹೇಳುವುದು ಎಂದು ಕೈ ತಡೆದಿದೆ. ಸತ್ತವರ ಮನೆಯಲ್ಲಿ ಊಟದ ಮಾತೆತ್ತಲು ಜನ ಒದ್ದಾಡುವ ಹಾಗೆ. ಹೋಗಲಿ ಬಿಡಿ. ನೀವು ಇಲ್ಲದ್ದನ್ನು ಇದೆ ಎಂದು ಹೇಳಿ ನನ್ನನ್ನು ಸಮಾಧಾನ ಪಡಿಸಬಹುದಿತ್ತು, ಅದನ್ನು ಮಾಡಲಿಲ್ಲ. ಅದಕ್ಕೆ ನಿಮ್ಮ ಮೇಲೆ ಗೌರವವೇ ಹೆಚ್ಚಾಯಿತು.

ಬಹುಶಃ ಅವಳು ಪಿಸುಗುಟ್ಟುತ್ತಿದ್ದಳು, ಮೈಕು ದೂರವಿತ್ತು, ಹಿಡಿಯಲಿಲ್ಲ. ಆ ರೆಕಾರ್ಡರ್ ತಾನೇ ಎಂಥದ್ದು, ಎಸ್ಟೇಟಿನ ಮೇಸ್ತ್ರಿಯ ಮದುವೆಗೆ ತಂದದ್ದು. ಇಲ್ಲದ್ದು ಇಲ್ಲ. ಒಂದು ತಿಂಗಳು ಇದೆಯೆಂದುಕೊಂಡು ಬದುಕಿದೆ, ಅದೇನು ಕಡಿಮೆಯಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ನಿಮ್ಮ ಕೈಲಾದದ್ದು ಮಾಡಿದಿರಿ.

ಸೆಪ್ಟೆಂಬರಿನಲ್ಲಿ ಬನ್ನಿ. ಮಲ್ಲೇಶ ಹೊಸ ಪಂಚೆ ತೆಗೆದಿಟ್ಟಿದ್ದಾನೆ, ನಿಮಗಂತೆ.

ಪ್ರೇಮಲತಾ


ಕುದುರೆಮುಖ
೨೫ ಜುಲೈ ೨೦೨೪

ಪ್ರೇಮಲತಾ ಅವರೇ,

ನನಗೆ ಅಷ್ಟು ಒಳ್ಳೆಯ ಮಾತು ಬರೆಯಬೇಡಿ. ನಾನು ಸಮಾರಂಭಕ್ಕೆ ಬರುವುದಿಲ್ಲ. ಮೈ ಸರಿಯಿಲ್ಲ.

ಶಶಿಧರ್


ಚಿಕ್ಕಮಗಳೂರು
೨೨ ಸೆಪ್ಟೆಂಬರ್ ೨೦೨೪

ಶಶಿಧರ್ ಅವರೇ,

ನಿನ್ನೆ ಸಮಾರಂಭ ಆಯಿತು. ನಿಮ್ಮ ಬದಲು ಒಂದು ಖಾಲಿ ಕುರ್ಚಿ ಹಾಕಿದ್ದರು.

ಸಿನಿಮಾ ಚೆನ್ನಾಗಿದೆ. ಒಂದು ಕಡೆ ರಕ್ಷಾ ಈ ಬರೀ ವೀಣೆಯನ್ನೇ ಸೇರಿಸಿದ್ದಾಳೆ. ಆ ಹೆಂಗಸು ಕಣದಲ್ಲಿ ಪಾರ್ಚ್‌ಮೆಂಟ್ ಕೆದಕುತ್ತ ನಡೆಯುತ್ತಾಳೆ, ನನ್ನ ವೀಣೆ ಕೇಳುತ್ತದೆ, ನಿಲ್ಲುತ್ತದೆ. ನಿಂತಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಷ್ಟು ಶುದ್ಧವಾಗಿದೆ. ನನಗೆ ಶಾಲು ಹೊದಿಸಿದರು. ಮಲ್ಲೇಶ ಎರಡು ಸಲ ಎದ್ದು ನಿಂತು ಚಪ್ಪಾಳೆ ಹೊಡೆದ.

ಕಾಫಿ ಕುಡಿಯುವಾಗ ಒಬ್ಬ ಹುಡುಗ ಬಂದು ಕಾಲಿಗೆ ನಮಸ್ಕಾರ ಮಾಡಿದ. ನಿಮ್ಮ ದರ್ಶನ್.

"ಮೇಡಂ, ಒಂದು ಕೇಳ್ಲಾ, ಆ ಮಗು ಯಾರು?" ಅಂದ.

ಯಾವ ಮಗು ಅಂದೆ.

"ಟೇಪಲ್ಲಿ ಇತ್ತಲ್ಲ ಮೇಡಂ. ನೀವು ನಿಲ್ಸಿದಾಗೆಲ್ಲ 'ಆಯ್ತಾ ಅಮ್ಮ' ಅಂತ ಕೇಳೋದು. ಎಷ್ಟು ಕ್ಲಿಯರಾಗಿತ್ತು ಗೊತ್ತಾ, ಪಕ್ಕದಲ್ಲೇ ಕೂತ ಹಾಗೆ. ನಂಗೆ ತೆಗಿಯೋಕೆ ಮನಸ್ಸೇ ಇರ್ಲಿಲ್ಲ. ಸಾರ್‌ನ ಕೇಳ್ದೆ, ಇರ್ಲಿ ಬಿಡಿ ಸಾರ್ ಅಂದೆ. ಅವ್ರು ಸ್ಕ್ರೀನ್ ಮೇಲೆ ಬೆರಳಿಟ್ಟು ಇದು ತೆಗಿ, ಇದು ತೆಗಿ ಅಂತ ಒಂದೊಂದೇ ತೆಗೆಸಿದ್ರು. ಟೇಪಿಂದ ಕಂಪ್ಯೂಟರ್‌ಗೆ ಇಳ್ಸಿದ್ದ ಒರಿಜಿನಲ್ಲೂ ಇಟ್ಕೋಬೇಡ ಅಂದ್ರು."

ಇನ್ನೆಲ್ಲಾದರೂ ಒಂದು ಚೂರಾದರೂ ಉಳಿದಿದೆಯಾ ಎಂದು ಕೇಳಿದೆ. ಆ ಹುಡುಗ ನನ್ನ ಮುಖ ನೋಡಿ ಹೆದರಿದ. "ಇಲ್ಲ ಮೇಡಂ. ಸಾರ್ ಜೂನಲ್ಲಿ ಪತ್ರ ಬರ್ದಿದ್ರು, ಏನಾದ್ರೂ ಉಳಿದಿದ್ಯಾ ಅಂತ. ಅಷ್ಟರಲ್ಲಿ ಎಲ್ಲ ಅಳ್ಸಿ ಆ ಡಿಸ್ಕ್ ಬೇರೆ ಪಿಕ್ಚರ್‌ಗೆ ಹೋಗಿತ್ತು" ಅಂದ.

ಜೂನಿನಲ್ಲಿ. ಅಂದರೆ ನೀವು ನನಗೆ ಶ್ರೀಮತಿ, ತಮ್ಮ ಎಂದು ಬರೆಯುವಾಗ ನಿಮಗೆ ಎಲ್ಲ ಗೊತ್ತಿತ್ತು. ನಾನು ನಿಮ್ಮನ್ನು ಸಮಾಧಾನ ಮಾಡಿದೆ. ನಿಮ್ಮ ಮೇಲೆ ಗೌರವ ಹೆಚ್ಚಾಯಿತೆಂದು ಬರೆದೆ. ಅದನ್ನು ಓದಿ ಮಡಚಿಟ್ಟಿರಿ.

ಬೇರಿಂಗ್ ಸವೆದದ್ದು ಕೇಳುವ ಕಿವಿಗೆ ಒಂದು ಮಗು ಅಮ್ಮ ಎಂದದ್ದು ಕೇಳಲಿಲ್ಲವೇ? ಅಥವಾ ಕೇಳಿಯೂ ನಿಮ್ಮ ಸಂಗೀತಕ್ಕೆ ಅದು ಕಸದಂತೆ ಕಂಡಿತೇ? ಯಾವುದು ಎಂದು ಬರೆಯಿರಿ. ನನಗೆ ಬೇರೇನೂ ಬೇಡ.

ಪ್ರೇಮಲತಾ


ಕುದುರೆಮುಖ
೩ ಅಕ್ಟೋಬರ್ ೨೦೨೪

ಪ್ರೇಮಲತಾ ಅವರೇ,

ಕೇಳಲಿಲ್ಲ.

ನನ್ನ ಕಿವಿ ಹೋಗಿ ಬಹಳ ಕಾಲವಾಯಿತು. ಪೂರ್ತಿ ಹೋಗಿಲ್ಲ. ವಯಸ್ಸಾದ ಹಾಗೆ ಮೇಲಿನ ಸ್ವರಗಳು ಒಂದೊಂದಾಗಿ ಬಿಟ್ಟುಹೋದವು. ಮಂದ್ರ ಕೇಳುತ್ತದೆ. ಗಂಡಸರು ಹತ್ತಿರ ನಿಂತು ಮಾತಾಡಿದರೆ ತುಟಿ ನೋಡಿ ಸಂಭಾಳಿಸುತ್ತೇನೆ. ಹೆಂಗಸರದು ಅರೆಬರೆ. ಮಕ್ಕಳದು, ಹಕ್ಕಿಗಳದು ಇಲ್ಲವೇ ಇಲ್ಲ. ಹಕ್ಕಿಗಳು ಊರು ಬಿಟ್ಟವೆಂದು ನಿಮಗೆ ಬರೆದಾಗ ನಾನು ಅದನ್ನು ನಂಬಿಯೇ ಬರೆದಿದ್ದೆ. ಕಳಸದಲ್ಲಿ ಗಲಾಟೆ ಎಂದು ನೀವು ಬರೆದ ಸಾಲನ್ನು ಎರಡು ಸಲ ಓದಿ ಕಾಗದ ಕೆಳಗಿಟ್ಟೆ. ಸಿಗ್ನಲ್ ಇಲ್ಲ ಎಂದದ್ದೂ ಅರ್ಧ ಸುಳ್ಳು. ಗೆಸ್ಟ್ ಹೌಸಿನ ಹತ್ತಿರ ಸಿಗುತ್ತದೆ. ಫೋನಿನಲ್ಲಿ ಮಾತು ತಿಳಿಯುವುದಿಲ್ಲ, ಅಷ್ಟೆ.

ನೀವು ಕಿವಿಗೊಟ್ಟು ಕೇಳಿ ಎಂದು ಬರೆದಾಗ, ಮೂವತ್ತು ವರ್ಷದ ಮೇಲೆ ಯಾರೋ ನನ್ನ ಕಿವಿಯನ್ನು ನಂಬಿ ಒಂದು ಕೆಲಸ ಹೇಳಿದ್ದರು. ಹೆಡ್‌ಫೋನ್ ಹಾಕಿಕೊಂಡು ಕೂತದ್ದು ನಿಜ. ಕೇಳಿಸಲಿಲ್ಲ ಎಂದು ಬರೆಯಬೇಕಿತ್ತು. ಇಲ್ಲ ಎಂದು ಬರೆದೆ. ಅಂದು ಕ್ಯಾಸೆಟ್ ಮಾಡುವಾಗ ಅವಳ ದನಿ ನನ್ನ ಕಿವಿಗೆ ಬಿದ್ದೇ ಇರಬೇಕು, ನಾನು ತುಂಬುವ ಜಾಗವೆಂದು ದಾಟಿಸಿ ಮರೆತಿದ್ದೆ.

ಸ್ಟುಡಿಯೋದಲ್ಲಿ ಆ ಹುಡುಗ ಪರದೆಯ ಕಡೆ ಮುಖ ಮಾಡಿಕೊಂಡು ಏನೇನೋ ಹೇಳುತ್ತಿದ್ದ. ಬೆನ್ನು ತಿರುಗಿಸಿ ಆಡಿದ ಮಾತು ನನಗೆ ತಲುಪುವುದಿಲ್ಲ. ಅವನು ನಿಲ್ಲಿಸಿದಾಗ ಹೂಂ ಅಂದೆ. ಎಲ್ಲರಿಗೂ ಹೂಂ ಅನ್ನುವುದು ಈಗ ನನ್ನ ಅಭ್ಯಾಸ. ಕಿವಿಗೆ ಸಿಗದ್ದು ಕಣ್ಣಿಗೆ ಸಿಕ್ಕಿತು. ಪರದೆಯ ಮೇಲೆ ವೀಣೆಯ ಗೆರೆ ದಪ್ಪಗೆ ಹೋಗಿ ಸಣ್ಣದಾಗುತ್ತದೆ, ಆ ಸಣ್ಣ ಜಾಗದಲ್ಲಿ ಒಂದು ಪುಟ್ಟ ಉಬ್ಬು. ಪ್ರತಿ ಜಾಗದಲ್ಲೂ ಒಂದೇ ಥರದ್ದು. ಒಂದೇ ಥರ ಮತ್ತೆ ಮತ್ತೆ ಬರುವುದು ಯಂತ್ರದ ದೋಷ ಎಂದು ನಮಗೆ ಕಲಿಸಿದ್ದರು. ಸ್ವಿಚ್ಚಿನ ಕಿಡಿಯಿರಬೇಕು ಎಂದುಕೊಂಡು ಬೆರಳಿಟ್ಟು ತೋರಿಸಿದೆ. ನಿಮಗೆ ನೋವಾಗಬಾರದೆಂದು ಒಂದನ್ನೂ ಬಿಡದೆ ಹುಡುಕಿದೆ. ಬಹಳ ಶ್ರದ್ಧೆಯಿಂದ ಮಾಡಿದೆ ಪ್ರೇಮಲತಾ ಅವರೇ, ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ವಾಪಸ್ಸು ಬಂದಾಗ ನಿಮ್ಮ ಪತ್ರ ಬಾಗಿಲ ಹಿಂದೆ ಬಿದ್ದಿತ್ತು. ಚಪ್ಪಲಿ ಬಿಡದೆ ನಿಂತೇ ಓದಿದೆ. ಅವಳು ಪ್ರತಿ ಸಲವೂ ಹೇಳುತ್ತಿದ್ದಳು ಎಂದು ಬರೆದಿದ್ದಿರಿ. ಆ ಉಬ್ಬುಗಳು ಏನೆಂದು ಆಗಲೇ ಗೊತ್ತಾಯಿತು. ದರ್ಶನ್‌ಗೆ ಬರೆದೆ, ಇಲ್ಲವೆಂದು ಉತ್ತರ ಬಂತು. ಆಮೇಲೆ ನಿಮಗೆ ಏನು ಬರೆಯಲಿ? ಏನೂ ಇರಲಿಲ್ಲ ಎಂದೇ ನೀವು ನಂಬಿಕೊಂಡರೆ ಒಂದು ದುಃಖ. ಇತ್ತು, ನಾನು ಅಳಿಸಿದೆ ಎಂದು ತಿಳಿದರೆ ಎರಡು. ಹಾಗೆ ಲೆಕ್ಕ ಹಾಕಿದೆ. ನನ್ನ ಮಾನವೂ ಉಳಿಯುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಕ್ಷಮೆ ಕೇಳುವುದಿಲ್ಲ. ಕೊಡಿ ಎನ್ನಲು ಬಾಯಿಲ್ಲ.

ಶಶಿಧರ್


ಚಿಕ್ಕಮಗಳೂರು
೧೭ ನವೆಂಬರ್ ೨೦೨೪

ಶಶಿಧರ್ ಅವರೇ,

ಉತ್ತರ ಬರೆಯಬಾರದೆಂದು ಇದ್ದೆ. ರಶ್ಮಿ ಬರೆಯಿರಿ ಅಕ್ಕ ಅಂದಳು. "ಅವ್ರಿಗೂ ಯಾರಿದ್ದಾರೆ ಪಾಪ" ಅಂದಳು. ಅವಳ ಮಾತಿಗೆ ಬರೆಯುತ್ತಿದ್ದೇನೆ, ನನ್ನ ಮನಸ್ಸಿಗಲ್ಲ.

ಸಿಟ್ಟು ಇಳಿದಿದೆ. ಬೇಕೆಂದು ಮಾಡಿದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಹುದು, ಒಳ್ಳೆಯದಾಗಲೆಂದು ಮಾಡಿದವರ ಮೇಲೆ ಎಷ್ಟು ದಿನ ಇಟ್ಟುಕೊಳ್ಳುವುದು. ಆದರೆ ಸಿಟ್ಟು ಇಳಿದ ಜಾಗಕ್ಕೆ ಬೇರೇನೂ ಬಂದಿಲ್ಲ. ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಕ್ಷಮಿಸಿಲ್ಲವೆಂದೂ ತಿಳಿಯಬೇಡಿ. ಆ ವಿಷಯ ನನಗೆ ದೊಡ್ಡದಾಗಿ ಕಾಣುತ್ತಿಲ್ಲ. ಕಿವಿ ಹೋದದ್ದನ್ನು ನೀವು ಮೊದಲ ಪತ್ರದಲ್ಲೇ ಬರೆದಿದ್ದರೆ ನಾನು ನಗುತ್ತಿದ್ದೆ, ಬಸ್ಸು ಹತ್ತಿ ಬಂದು ನಾನೇ ಕೇಳುತ್ತಿದ್ದೆ. ನಾನು ಶಿಲ್ಪಾಳ ವಿಷಯ ಮೊದಲ ಪತ್ರದಲ್ಲೇ ಬಿಡಿಸಿ ಬರೆದಿದ್ದರೆ ನೀವು ಟೇಪನ್ನು ಎದೆಗವಚಿಕೊಂಡು ತಂದುಕೊಡುತ್ತಿದ್ದಿರಿ. ಇಬ್ಬರೂ ಮರ್ಯಾದಸ್ಥರಾದೆವು.

ಆಲ್ಬಮ್ ಚೆನ್ನಾಗಿ ಹೋಗುತ್ತಿದೆಯಂತೆ. ಎಲ್ಲೆಲ್ಲಿಂದಲೋ ಜನ ಮಲ್ಲೇಶನ ಅಂಗಡಿ ಹುಡುಕಿಕೊಂಡು ಬರುತ್ತಾರೆ, ನನ್ನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಪೇಪರಿನವರು, ವೀಣೆಗಿಂತ ನಡುವೆ ಬರುವ ಮೌನವೇ ಇದರ ಜೀವ ಎಂದು ಬರೆದಿದ್ದಾರೆ. ಅಂಥ ಮೌನ ಸಾಧಿಸಲು ಎಷ್ಟು ವರ್ಷ ಧ್ಯಾನ ಮಾಡಿದಿರಿ ಎಂದು ಒಬ್ಬಳು ಹುಡುಗಿ ಕೇಳಿದಳು. ಕಾಫಿ ಕುಡೀತೀರಾ ಅಂದೆ.

ನಾನು ಆಲ್ಬಮ್ಮನ್ನು ಒಂದು ಸಲ ಹಾಕಿ ಕೇಳಿದೆ. ವೀಣೆ ನಿಂತಾಗಲೆಲ್ಲ ಪಕ್ಕಕ್ಕೆ ತಿರುಗಿ ನೋಡಿದೆ. ಇನ್ನು ಕೇಳುವುದಿಲ್ಲ. ಈ ಪತ್ರಕ್ಕೆ ಉತ್ತರವೂ ಬೇಡ.

ಒಂದು ವಿಷಯ ಮಾತ್ರ ನಿಮಗೇ ಹೇಳಬೇಕು, ಬೇರೆ ಯಾರಿಗೂ ಅರ್ಥವಾಗದು. ಅವಳ ದನಿ ಪೂರ್ತಿ ಮರೆತುಹೋಗಿದೆ ಎಂದು ಬರೆದಿದ್ದೆನಲ್ಲ. ಅದು ನಿಜವಲ್ಲ ಎಂದು ಈಗ ತಿಳಿಯಿತು. ಮಾತುಗಳಿಲ್ಲದೆ, ತೆಳ್ಳಗೆ, ಎಲ್ಲೋ ಒಂದಿಷ್ಟು ಉಳಿದಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ, ಆದರೆ ಇತ್ತು. ಆ ದಿನ ದರ್ಶನ್ ಪಾಪ ಒಳ್ಳೆಯ ಮನಸ್ಸಿನಿಂದ ಅವಳ ಮಾತನ್ನು ಆಡಿ ತೋರಿಸಿದ. ಅವಳು ಏನು ಕೇಳುತ್ತಿದ್ದಳೆಂದು ಕೊನೆಗೂ ಗೊತ್ತಾಯಿತು.

ಈಗ ಕಣ್ಣು ಮುಚ್ಚಿದರೆ ಶಿಲ್ಪಾ ಪಕ್ಕದಲ್ಲಿ ಕೂತಿರುತ್ತಾಳೆ. ನಾನು ತಂತಿಯಿಂದ ಬೆರಳು ಎತ್ತುತ್ತೇನೆ. ಅವಳು ಬಾಯಿ ತೆರೆಯುತ್ತಾಳೆ. ಆ ಹುಡುಗನ ಗಂಡಸು ದನಿ ಬರುತ್ತದೆ.

ಪ್ರೇಮಲತಾ